ಕೊಸರು, ಕೊಡುಗೆ ಮತ್ತು ಅದೃಷ್ಟದ ಲೆಕ್ಕ

‘ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ’ ಎಂಬ ಗಾದೆ ನಮ್ಮಲ್ಲಿ ಹಳೆಯದು. ಅದನ್ನು ಅಕ್ಷರಶಃ ಪಾಲಿಸಿದ ವಿದ್ಯಾರ್ಥಿಯೊಬ್ಬನನ್ನು ನಾವು 2025ರ ನವೆಂಬರಿನಲ್ಲಿ ಕಂಡೆವು. ಅಂದು ಕಲಬುರಗಿಯ ನಮ್ಮ ಕಾಲೇಜಿನಲ್ಲಿ ಪ್ರಯೋಗಶಾಲೆಯ ಅವಧಿ ಮುಗಿದಿತ್ತು. ಹುಡುಗರು ಹೊರಗೆ ಮೊಬೈಲೊಂದರ ಸುತ್ತ ನೆರೆದಿದ್ದರು. ಕಾಲ್ಚೆಂಡಿನ ತಂಡವೊಂದನ್ನು ನಡೆಸುವ ವಿಡಿಯೋ ಆಟವಾದ ‘ಫುಟ್‌ಬಾಲ್ ಮ್ಯಾನೇಜರ್ 26’ ಆ ತಿಂಗಳ 4ರಂದು ಬಿಡುಗಡೆಯಾಗಿತ್ತು. ಅದರ ಐದು ಪ್ರತಿಗಳನ್ನು ಅಭಿಮಾನಿಗಳಿಗೆ ಉಚಿತವಾಗಿ ಹಂಚುವುದಾಗಿ ಯಾರೋ ಸಾರಿದ್ದರು. ಷರತ್ತುಗಳು ಮೂರೇ: ಹೆಸರನ್ನೂ ದೂರವಾಣಿ ಸಂಖ್ಯೆಯನ್ನೂ ಬರೆದು ಕಳಿಸಬೇಕು, ಪ್ರಕಟಣೆಯನ್ನು ಮೆಚ್ಚಿದುದಾಗಿ ಗುರುತು ಹಾಕಬೇಕು, ಮೂವರು ಗೆಳೆಯರನ್ನು ಹೆಸರಿಸಿ ಕರೆಯಬೇಕು.

ಕಮಲಾಪುರದ ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುವ ಹುಡುಗನೊಬ್ಬನು ತನ್ನ ಹೆಸರಿನಲ್ಲಿ ಒಂದು ಅರ್ಜಿಯನ್ನೂ ತಂದೆಯ ಹೆಸರಿನಲ್ಲಿ ಇನ್ನೊಂದನ್ನೂ ಕಳಿಸಿದನು. ಎರಡು ಹಾಕಿದರೆ ಅವಕಾಶವೂ ಇಮ್ಮಡಿಯಾಗುವುದಲ್ಲವೆ! ನಾವು ಹುಬ್ಬೇರಿಸಿದುದನ್ನು ಕಂಡು, ‘ಹೋದ್ರ ಏನ್ ಹೋಗ್ತದ್ರೀ ಸರ? ಪುಕ್ಕಟೆ ಅದ’ ಎಂದನು.

‘ಹೋದರೆ ಏನು ಹೋಗುತ್ತದೆ?’ ಈ ಪ್ರಶ್ನೆ ಬಹಳ ಒಳ್ಳೆಯ ಪ್ರಶ್ನೆ. ಅವನು ಅದನ್ನು ಉತ್ತರವೆಂದು ಭಾವಿಸಿದ್ದನು. ಪ್ರಶ್ನೆಯೆಂದೇ ಭಾವಿಸಿ, ಕಾಗದ ಪೆನ್ಸಿಲುಗಳನ್ನು ಹಿಡಿದು ಲೆಕ್ಕ ಹಾಕಿದರೆ ಏನು ತಿಳಿಯುತ್ತದೆಂಬುದನ್ನು ಇಲ್ಲಿ ನೋಡೋಣ.

ಮೊದಲು ಆಟದ ವಿಷಯ. ವಿಡಿಯೋ ಆಟವೆಂದೊಡನೆ ಮೂಗು ಮುರಿಯುವ ಹಿರಿಯರ ಸಾಲಿಗೆ ನಾವು ಸೇರಿದವರಲ್ಲ. ಈ ಜಾತಿಯ ಆಟಗಳಿಗೆ ನಾಲ್ಕು ದಶಕಗಳ ಚರಿತ್ರೆಯಿದೆ. ಕೆವಿನ್ ಟಾಮ್ಸ್ ಎಂಬಾತನು ‘ಫುಟ್‌ಬಾಲ್ ಮ್ಯಾನೇಜರ್’ ಎಂಬ ಹೆಸರಿನ ಆಟವನ್ನು 1982ರಲ್ಲಿಯೇ ಹೊರತಂದನು. ಇಂದಿನ ಆಟದ ವಂಶ ಬೇರೆ. ಪಾಲ್ ಮತ್ತು ಆಲಿವರ್ ಕಾಲ್ಯರ್ ಎಂಬ ಇಂಗ್ಲಿಷ್ ಸಹೋದರರು 1992ರಲ್ಲಿ ಹೊರತಂದ ‘ಚಾಂಪಿಯನ್‌ಷಿಪ್ ಮ್ಯಾನೇಜರ್’ ಅದರ ಮೂಲ. ಅವರ ಸಂಸ್ಥೆಯಾದ ಸ್ಪೋರ್ಟ್ಸ್ ಇಂಟರ್‌ಆಕ್ಟಿವ್ 2004ರಿಂದೀಚೆಗೆ ಸೆಗಾ ಕಂಪನಿಯ ಮೂಲಕ ‘ಫುಟ್‌ಬಾಲ್ ಮ್ಯಾನೇಜರ್’ ಎಂಬ ಹೆಸರಿನಲ್ಲಿಯೇ ಆಟವನ್ನು ಪ್ರಕಟಿಸುತ್ತಿದೆ. 2025ರ ಫೆಬ್ರವರಿಯಲ್ಲಿ ಆ ಸಾಲಿನ ಆವೃತ್ತಿಯನ್ನೇ ಅವರು ರದ್ದುಪಡಿಸಿದರು. ಆದುದರಿಂದ ನವೆಂಬರಿನಲ್ಲಿ ಬಂದ ಆಟಕ್ಕೆ ಅಭಿಮಾನಿಗಳು ಎಂದಿಗಿಂತ ಹೆಚ್ಚು ಹಸಿದಿದ್ದರು.

ಈ ಆಟದಲ್ಲಿ ಚೆಂಡನ್ನು ಒದೆಯುವುದು ನಮ್ಮ ಕೆಲಸವಲ್ಲ. ಆಟಗಾರರನ್ನು ಆರಿಸುವುದು, ಹಣವನ್ನು ತೂಗಿಸುವುದು, ಯುಕ್ತಿಯನ್ನು ಹೂಡುವುದು, ಬಳಿಕ ಕೈಕಟ್ಟಿ ಕುಳಿತು ಪಂದ್ಯವನ್ನು ನೋಡುವುದು, ಇಷ್ಟೇ. ಪ್ರತಿಯೊಬ್ಬ ಆಟಗಾರನ ವೇಗ, ಚೆಂಡು ದಾಟಿಸುವ ಕೌಶಲ, ಮನೋಧೈರ್ಯ ಮೊದಲಾದ ಗುಣಗಳಿಗೆ 1ರಿಂದ 20ರ ವರೆಗೆ ಅಂಕಗಳಿರುತ್ತವೆ. ಈ ವಿವರಗಳ ಭಂಡಾರ ಎಷ್ಟು ವಿಸ್ತಾರವಾದುದೆಂದರೆ, ಇಂಗ್ಲೆಂಡಿನ ಎವರ್ಟನ್ ಕ್ಲಬ್ಬು ನಿಜವಾದ ಆಟಗಾರರನ್ನು ಹುಡುಕುವುದಕ್ಕಾಗಿ ಅದನ್ನು ಬಳಸಿಕೊಳ್ಳಲು 2008ರಲ್ಲಿ ಒಪ್ಪಂದ ಮಾಡಿಕೊಂಡಿತು. ಮನುಷ್ಯನ ಸಾಮರ್ಥ್ಯವನ್ನು ಸಂಖ್ಯೆಗಳಲ್ಲಿ ಅಳೆದು, ಆ ಸಂಖ್ಯೆಗಳಿಂದ ಮುಂದಿನದನ್ನು ಊಹಿಸುವ ಪ್ರಯತ್ನ ಇದು. ಭೌತವಿಜ್ಞಾನಿಯು ಇದನ್ನು ಮಾದರಿಯೆಂದು ಕರೆಯುತ್ತಾನೆ.

ಈ ಮಾದರಿಯಲ್ಲಿ ಅದೃಷ್ಟಕ್ಕೆ ಸ್ಥಾನವುಂಟೆ? ಖಂಡಿತವಾಗಿ ಉಂಟು. ಬಲಿಷ್ಠ ತಂಡವು ಪ್ರತಿ ಸಲವೂ ಗೆದ್ದರೆ ಅದು ಕಾಲ್ಚೆಂಡಾಟವೇ ಅಲ್ಲ. ಅದೃಷ್ಟವನ್ನು ಗಣಿತದ ಹತೋಟಿಗೆ ತರಲು ಒಂದು ಹಳೆಯ ಸೂತ್ರವಿದೆ. ಫ್ರಾನ್ಸಿನ ಪಾಯಸಾನ್ ಅದನ್ನು 1837ರಲ್ಲಿ ಪ್ರಕಟಿಸಿದನು. ಅಪರೂಪವಾಗಿ, ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯುವ ಘಟನೆಗಳ ಸರಾಸರಿ ಗೊತ್ತಿದ್ದರೆ, ಅವು ಒಂದು ಅವಧಿಯಲ್ಲಿ ಒಂದು ಸಲ, ಎರಡು ಸಲ, ಮೂರು ಸಲ ನಡೆಯುವ ಸಂಭಾವ್ಯತೆ ಎಷ್ಟೆಂದು ಅದು ತಿಳಿಸುತ್ತದೆ. ಬೋರ್ಟ್‌ಕೀವಿಚ್ ಎಂಬ ಪಂಡಿತನು 1898ರಲ್ಲಿ ಪ್ರಷ್ಯದ ಅಶ್ವದಳದ ದಾಖಲೆಗಳನ್ನು ತೆಗೆದು, ಕುದುರೆಯ ಒದೆತದಿಂದ ಸತ್ತ ಸೈನಿಕರ ಸಂಖ್ಯೆ ಈ ಸೂತ್ರಕ್ಕೆ ಚೆನ್ನಾಗಿ ಹೊಂದುವುದೆಂದು ತೋರಿಸಿದನು. ಕುದುರೆಯ ಒದೆತಕ್ಕೆ ಹೊಂದಿದ ಸೂತ್ರ ಚೆಂಡಿನ ಒದೆತಕ್ಕೂ ಬಹುಮಟ್ಟಿಗೆ ಹೊಂದುತ್ತದೆ! ಗೋಲು ಅಪರೂಪದ ಘಟನೆ. ಉನ್ನತ ದರ್ಜೆಯ ಲೀಗುಗಳಲ್ಲಿ ಪಂದ್ಯವೊಂದಕ್ಕೆ ಸರಾಸರಿ ಎರಡೂವರೆಯಿಂದ ಮೂರು ಗೋಲುಗಳು ಮಾತ್ರ ಬರುತ್ತವೆ.

ಒಂದು ತಂಡ ಪಂದ್ಯಕ್ಕೆ ಸರಾಸರಿ 1.8 ಗೋಲು ಹೊಡೆಯುವಷ್ಟು ಬಲವುಳ್ಳದ್ದು, ಎದುರಾಳಿ 0.9ರಷ್ಟು ಬಲವುಳ್ಳದ್ದು ಎಂದು ಭಾವಿಸಿ ಈ ಸೂತ್ರದಿಂದ ಲೆಕ್ಕ ಹಾಕಿದರೆ, ನೂರು ಪಂದ್ಯಗಳಲ್ಲಿ ಬಲಿಷ್ಠ ತಂಡವು ಸುಮಾರು 59ನ್ನು ಗೆಲ್ಲುತ್ತದೆ, 23ರಲ್ಲಿ ಸಮ ಮಾಡಿಕೊಳ್ಳುತ್ತದೆ, 18ರಲ್ಲಿ ಸೋಲುತ್ತದೆ. ಶಕ್ತಿ ಇಮ್ಮಡಿಯಾಗಿದ್ದರೂ ಐದಾರು ಪಂದ್ಯಗಳಿಗೊಂದು ಸೋಲು! ಕಂಪನಿಯವರ ಆಟದ ಒಳಯಂತ್ರ ಇದಕ್ಕಿಂತ ಎಷ್ಟೋ ಜಟಿಲವಾದುದು. ಆದರೂ ಆಡುವವನು ಕಲಿಯುವ ಪಾಠ ಇದೇ. ಒಂದು ಪಂದ್ಯ ಸೋತೆವೆಂದು ಯುಕ್ತಿಯನ್ನು ಬದಲಿಸಬಾರದು. ಒಂದು ಪಂದ್ಯ ಗೆದ್ದೆವೆಂದು ಬೀಗಬಾರದು. ನೂರು ಪಂದ್ಯಗಳ ಸರಾಸರಿಯನ್ನು ನೋಡಬೇಕು. ನಮ್ಮ ಪ್ರಯೋಗಶಾಲೆಯಲ್ಲಿ ಲೋಲಕದ ಆಂದೋಲನವನ್ನು ಇಪ್ಪತ್ತು ಸಲ ಎಣಿಸಿ ಎಂದು ನಾವು ಹೇಳುವಾಗ ಆಕಳಿಸುವ ಹುಡುಗರೇ ಈ ಆಟದಲ್ಲಿ ಅದೇ ತತ್ತ್ವವನ್ನು ಇರುಳೆಲ್ಲ ಎಚ್ಚರವಿದ್ದು ಕಲಿಯುತ್ತಾರೆ. ಆಟವನ್ನು ನಾವು ಹಳಿಯದಿರುವುದಕ್ಕೆ ಇದೇ ಕಾರಣ.

ಇಷ್ಟು ಕಲಿತವರು ಉಚಿತ ಕೊಡುಗೆಯ ಮುಂದೆ ಮಾತ್ರ ಲೆಕ್ಕವನ್ನೆಲ್ಲ ಮರೆಯುತ್ತಾರೆ. ನಮ್ಮ ಅಚ್ಚರಿ ಅದು.

ಪ್ರತಿಯೊಂದರ ಬೆಲೆ ಮೂರು ಸಾವಿರ ರೂಪಾಯಿ ಎಂದು ಇಟ್ಟುಕೊಳ್ಳೋಣ. ಪ್ರತಿಗಳು ಐದು, ಅರ್ಜಿ ಹಾಕಿದವರು ಇಪ್ಪತ್ತು ಸಾವಿರ. ಒಂದು ಅರ್ಜಿಗೆ ಬಹುಮಾನ ಬರುವ ಸಂಭಾವ್ಯತೆ ನಾಲ್ಕು ಸಾವಿರದಲ್ಲಿ ಒಂದು. ಮೂರು ಸಾವಿರ ರೂಪಾಯಿಯನ್ನು ನಾಲ್ಕು ಸಾವಿರದಿಂದ ಭಾಗಿಸಿದರೆ 75 ಪೈಸೆ. ಗಣಿತಜ್ಞರು ಇದನ್ನು ನಿರೀಕ್ಷಿತ ಮೌಲ್ಯವೆನ್ನುತ್ತಾರೆ. ಇಂಥ ಕೊಡುಗೆಗಳಿಗೆ ವರ್ಷವಿಡೀ ದಿನಕ್ಕೊಂದರಂತೆ ಅರ್ಜಿ ಹಾಕಿದರೂ, ಒಂದಾದರೂ ಬಹುಮಾನ ಬರುವ ಸಂಭವ ನೂರಕ್ಕೆ ಒಂಬತ್ತನ್ನು ಮುಟ್ಟುವುದಿಲ್ಲ. 2016ರಲ್ಲಿ ಲೆಸ್ಟರ್ ಸಿಟಿ ತಂಡವು ಇಂಗ್ಲೆಂಡಿನ ಪ್ರೀಮಿಯರ್ ಲೀಗನ್ನು ಗೆದ್ದುದನ್ನು ಹುಡುಗರು ನಮಗೆ ನೆನಪಿಸುತ್ತಾರೆ. ಆ ಋತುವಿನ ಆರಂಭದಲ್ಲಿ ಪಣ ಕಟ್ಟುವವರು ಅದಕ್ಕೆ ಒಂದಕ್ಕೆ ಐದು ಸಾವಿರ ಕೊಡುವೆವೆಂದಿದ್ದರು. ಅಸಂಭವವಾದುದೂ ಒಮ್ಮೊಮ್ಮೆ ನಡೆಯುತ್ತದೆಂಬುದು ನಿಜ. ಆದರೆ ಗೆದ್ದ ಒಂದು ಲೆಸ್ಟರನ್ನು ಜಗತ್ತು ನೆನೆಯುತ್ತದೆ. ಗೆಲ್ಲದೆ ಹೋದವರನ್ನು ಲೆಕ್ಕವಿಟ್ಟವರಾರು?

ಈಗ ಲೆಕ್ಕವನ್ನು ಕೊಡುವವನ ಕಡೆಯಿಂದ ಹಾಕೋಣ. ಅವನಿಗೆ ಖರ್ಚು ಹೆಚ್ಚೆಂದರೆ ಹದಿನೈದು ಸಾವಿರ ರೂಪಾಯಿ. ತಯಾರಿಸಿದವರೇ ಕೊಡುವುದಾದರೆ ಅಷ್ಟೂ ಇಲ್ಲ. ಆಟದ ಇನ್ನೊಂದು ಪ್ರತಿಯೆಂದರೆ ಅಂಕಿ ಅಕ್ಷರಗಳ ಒಂದು ಸಾಲು ಮಾತ್ರ. ಇಪ್ಪತ್ತು ಸಾವಿರ ಮಂದಿ ತಲಾ ಮೂವರನ್ನು ಕರೆದರೆ ಅರವತ್ತು ಸಾವಿರ ಕರೆಗಳಾದುವು. ಹದಿನೈದು ಸಾವಿರವನ್ನು ಅರವತ್ತು ಸಾವಿರದಿಂದ ಭಾಗಿಸಿದರೆ ಕರೆಯೊಂದಕ್ಕೆ 25 ಪೈಸೆ, ಹಿಂದಿನವರ ನಾಲ್ಕಾಣೆ. ಅಂಚೆಯ ಕಾರ್ಡಿಗೆ 50 ಪೈಸೆ ಬೆಲೆ. ಕಾರ್ಡಿನ ಅರ್ಧ ಬೆಲೆಗೆ, ಅದೂ ಗೆಳೆಯನ ಬಾಯಿಂದಲೇ, ಜಾಹೀರಾತು ಮನೆಮನೆಗೆ ತಲುಪಿತು. ಅಪರಿಚಿತನ ಜಾಹೀರಾತನ್ನು ನಾವು ಕಸದ ಬುಟ್ಟಿಗೆ ಎಸೆಯುತ್ತೇವೆ. ಗೆಳೆಯನ ಕರೆಯನ್ನು ಎಸೆಯಲಾರೆವು. ಇಲ್ಲಿ ಮಾರಾಟವಾದ ಸರಕು ಆಟವಲ್ಲ, ನಮ್ಮ ಗೆಳೆತನ.

ಇನ್ನೊಂದು ವಿನೋದವನ್ನೂ ಗಮನಿಸಿರಿ. ನಾವು ಕರೆದ ಮೂವರೂ ಅರ್ಜಿ ಹಾಕಿದರೆ ಅವರು ನಮ್ಮ ಪ್ರತಿಸ್ಪರ್ಧಿಗಳಾಗುತ್ತಾರೆ. ಪ್ರತಿಯೊಬ್ಬನೂ ಮೂವರನ್ನು ತಂದರೆ ಸ್ಪರ್ಧಿಗಳು ನಾಲ್ಕು ಪಟ್ಟಾಗಿ, ನಮ್ಮ ಅವಕಾಶ ಕಾಲುಭಾಗಕ್ಕೆ ಇಳಿಯುತ್ತದೆ. ನಮ್ಮ ಕೈಯಿಂದಲೇ ನಮ್ಮ ಅವಕಾಶವನ್ನು ಕತ್ತರಿಸುವ ಷರತ್ತನ್ನು ನಾವು ಸಂತೋಷದಿಂದ ಪಾಲಿಸುತ್ತೇವೆ! ಆ ಮೂವರಲ್ಲಿ ಒಬ್ಬೊಬ್ಬನೂ ಮತ್ತೆ ಮೂವರು ಹೊಸಬರನ್ನು ಕರೆದರೆ 9, 27, 81 ಎಂದು ಬೆಳೆದು ಹನ್ನೆರಡನೆಯ ಹೆಜ್ಜೆಯಲ್ಲಿ ಕರೆಗಳು 5,31,441 ಆಗುತ್ತವೆ. 2011ರ ಜನಗಣತಿಯಂತೆ ಕಲಬುರಗಿ ನಗರದ ಜನಸಂಖ್ಯೆ ಐದು ಲಕ್ಷವನ್ನು ಮೀರಿತ್ತು. ಹನ್ನೆರಡು ಹೆಜ್ಜೆಗಳಲ್ಲಿ ಊರಿಗೆ ಊರೇ ಮುಗಿಯಿತು. ಯುರೇನಿಯಂ ಪರಮಾಣುವಿನ ಸರಣಿಕ್ರಿಯೆಯನ್ನು ತರಗತಿಯಲ್ಲಿ ವಿವರಿಸುವಾಗ ನಾವು ಕಪ್ಪುಹಲಗೆಯ ಮೇಲೆ ಬರೆಯುವುದೂ ಇಂಥದೇ ಶ್ರೇಢಿ. ಅಲ್ಲಿ ಹರಡುವುದು ನ್ಯೂಟ್ರಾನು, ಇಲ್ಲಿ ಆಸೆ.

ಸರಿ, ಅರ್ಜಿಗಳು ಬಂದುವು. ಐವರನ್ನು ಆರಿಸುವುದು ಹೇಗೆ? ನಮ್ಮ ಹಳ್ಳಿಗಳಲ್ಲಿ ಚೀಟಿ ಎತ್ತುವ ಪದ್ಧತಿ ಇದೆ. ಎಲ್ಲರೆದುರಿಗೆ ಚೀಟಿಗಳನ್ನು ಮಡಿಚಿ ಕುಲುಕಿ, ಚಿಕ್ಕ ಮಗುವೊಂದರ ಕೈಯಿಂದ ಎತ್ತಿಸುತ್ತಾರೆ. ಮಗುವಿಗೆ ಓದು ಬಾರದು, ಪಕ್ಷಪಾತವೂ ತಿಳಿಯದು. ವಿಜ್ಞಾನದ ದೃಷ್ಟಿಯಿಂದ ಇದು ಉತ್ತಮವಾದ ಏರ್ಪಾಟು. ಇಂದು ಆ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಿ, ‘ಯಂತ್ರವೇ ಆರಿಸಿತು’ ಎನ್ನುತ್ತಾರೆ. ಆದರೆ ಯಂತ್ರವು ಸಾಮಾನ್ಯವಾಗಿ ಕೊಡುವುದು ನಿಜವಾದ ಅಡ್ಡಾದಿಡ್ಡಿ ಸಂಖ್ಯೆಯಲ್ಲ, ಸೂತ್ರದಿಂದ ಹುಟ್ಟಿದ ಸಂಖ್ಯೆ. ಅಮೆರಿಕದ ಗಣಿತಜ್ಞ ಲೆಹ್ಮರ್ 1949ರಲ್ಲಿ ಸೂಚಿಸಿದ ಕ್ರಮದ ಜಾತಿಗೆ ಸೇರಿದ ಚಿಕ್ಕ ಉದಾಹರಣೆಯೊಂದನ್ನು ವಾಚಕರು ಮಾಡಿನೋಡಬಹುದು. ಒಂದು ಸಂಖ್ಯೆಯನ್ನು 5ರಿಂದ ಗುಣಿಸಿ, 3ನ್ನು ಕೂಡಿ, 16ರಿಂದ ಭಾಗಿಸಿ, ಶೇಷವನ್ನು ಮಾತ್ರ ಇಟ್ಟುಕೊಳ್ಳಿರಿ. 7ರಿಂದ ಹೊರಟರೆ ಬರುವ ಸಾಲು: 6, 1, 8, 11, 10, 5, 12, 15, 14, 9, 0, 3, 2, 13, 4, ಮತ್ತೆ 7. ನೋಡುವವನಿಗೆ ಯಾವ ಕ್ರಮವೂ ಕಾಣದು. ಆದರೆ ಮೊದಲು 7ನ್ನು ಇಟ್ಟವನಿಗೆ ಎಲ್ಲವೂ ಮೊದಲೇ ಗೊತ್ತು! ಇಂದಿನ ಸೂತ್ರಗಳು ಎಷ್ಟೋ ದೊಡ್ಡವು, ಎಷ್ಟೋ ನುರಿತವು. ಆದರೂ ಸೂತ್ರದ ಬೀಜವನ್ನು ಬಿತ್ತಿದವರು ಯಾರು, ಯಾರ ಕಣ್ಣೆದುರಿಗೆ ಬಿತ್ತಿದರು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಯಂತ್ರಕ್ಕೆ ಪಕ್ಷಪಾತವಿಲ್ಲವೆಂಬುದು ನಿಜ. ಯಂತ್ರವನ್ನು ತಿರುಗಿಸುವ ಕೈಗೂ ಇಲ್ಲವೆಂದು ಹೇಳಲು ಆಧಾರ ಬೇಕು.

ಆ ಹುಡುಗನ ಕಥೆಯನ್ನು ಮುಗಿಸಬೇಕು. ಮೂರು ವಾರಗಳ ಮೇಲೆ ಅವನ ತಂದೆಗೆ ದೂರವಾಣಿ ಕರೆ ಬಂದಿತು. ‘ನಿಮ್ಮ ಮನೆಗೆ ಬಹುಮಾನ ಬಂದಿದೆ, ಸಾಗಣೆಯ ವೆಚ್ಚವನ್ನೂ ತೆರಿಗೆಯನ್ನೂ ಕಳಿಸಿರಿ’ ಎಂದು ಸವಿಯಾದ ಮಾತು. ಆಟದ ವಿಷಯ ತಂದೆಗೆ ಏನೂ ತಿಳಿಯದು. ಕಾಲೇಜಿಗೆ ಹೋಗುವ ಮಗನಿಗೆ ಬಹುಮಾನ ಬಂತೆಂದರೆ ಅದು ಓದಿನ ಬಹುಮಾನವೇ ಸರಿ ಎಂದು ಆತನು ಭಾವಿಸಿದನು. ನೆರೆಹೊರೆಯವರಿಗೆ ಹೇಳಿ ಸಂತೋಷಪಟ್ಟನು. ಪರೀಕ್ಷೆಯ ಶುಲ್ಕಕ್ಕೆಂದು ತೆಗೆದಿಟ್ಟಿದ್ದ ಹಣದಲ್ಲಿ ಎರಡು ಸಾವಿರದ ನಾನೂರು ರೂಪಾಯಿಯನ್ನು ಕಳಿಸಿಯೂಬಿಟ್ಟನು. ಆಮೇಲೆ ಆ ಸಂಖ್ಯೆಯಿಂದ ಉತ್ತರವಿಲ್ಲ. ಕೊಡುಗೆಯನ್ನು ಸಾರಿದವರೇ ವಂಚಕರೋ, ಅವರಲ್ಲಿದ್ದ ಪಟ್ಟಿ ವಂಚಕರ ಕೈ ಸೇರಿತೋ ತಿಳಿಯಲಿಲ್ಲ. ಆಟವನ್ನು ತಯಾರಿಸಿದವರಿಗೆ ಇದರ ಸುಳಿವೇ ಇರಲಾರದು. ಹಣದ ನಷ್ಟವನ್ನು ಹೇಗೋ ತುಂಬಬಹುದು. ಆದರೆ ‘ಓದಿನಾಗ ಬಂದಿದ್ದಲ್ಲೇನೋ?’ ಎಂದು ತಂದೆ ಕೇಳಿದಾಗ ತಲೆ ತಗ್ಗಿಸಿ ನಿಂತ ಘಳಿಗೆಯನ್ನು ಆ ಹುಡುಗನು ನಮ್ಮೆದುರು ಹೇಳಿಕೊಂಡನು. ‘ಹೋದರೆ ಏನು ಹೋಗುತ್ತದೆ’ ಎಂಬುದಕ್ಕೆ ಅವನಿಗೆ ಅಂದು ಉತ್ತರ ದೊರಕಿತ್ತು.

ಕಾನೂನು ಇಲ್ಲವೆಂದಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಹಣವನ್ನು ಪಣವಾಗಿ ಒಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಆದರೆ ಉಚಿತ ಕೊಡುಗೆಯಲ್ಲಿ ನಾವು ಹಣವನ್ನು ಒಡ್ಡುವುದಿಲ್ಲ. ಬಹುಮಾನದ ಯೋಜನೆ ಮುಗಿದ ಮೇಲೆ ಅದರ ಅಂತಿಮ ಫಲಿತಾಂಶವನ್ನು ಭಾಗವಹಿಸಿದವರಿಂದ ಮುಚ್ಚಿಡುವುದು ಅನುಚಿತ ವ್ಯಾಪಾರವೆಂದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಹೇಳುತ್ತದೆ. ಹದಿನೆಂಟು ತುಂಬದವರ ಸ್ವಂತ ವಿವರಗಳನ್ನು ಬಳಸಲು ತಂದೆತಾಯಿಗಳ ಒಪ್ಪಿಗೆ ಬೇಕೆಂಬ ವಿಧಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿದೆ. ಹಣ ಕಳೆದುಕೊಂಡವರು ಒಡನೆಯೇ 1930 ಸಂಖ್ಯೆಗೆ ದೂರು ಕೊಡಬಹುದು. ತಡಮಾಡಿದಷ್ಟೂ ಹಣ ದೂರವಾಗುತ್ತದೆ. ಆದರೆ ಕಾನೂನು ಬರುವುದು ಘಟನೆಯ ಹಿಂದೆ, ಲೆಕ್ಕ ಬರಬೇಕಾದುದು ಅದರ ಮುಂದೆ.

ಹಾಗಾದರೆ ಕೊಡುಗೆಗಳೆಲ್ಲ ಕೆಟ್ಟವೆ? ಅಲ್ಲ. ಪ್ರಾಮಾಣಿಕವಾಗಿ ಹಂಚುವ ಅಭಿಮಾನಿಗಳೂ ಉಂಟು. ಅಂಥವರನ್ನು ಗುರುತಿಸಲು ನಮ್ಮ ವಿದ್ಯಾರ್ಥಿಗಳಿಗೆ ನಾವು ನಾಲ್ಕು ಪ್ರಶ್ನೆಗಳನ್ನು ಬರೆಸಿದ್ದೇವೆ. ಕೊಡುವವನು ಯಾರು, ಅವನ ನೆಲೆ ಯಾವುದು? ಪ್ರತಿಗಳೆಷ್ಟು, ಅರ್ಜಿಗಳೆಷ್ಟು ಎಂಬುದನ್ನು ಅವನು ಪ್ರಕಟಿಸುವನೆ? ಆಯ್ಕೆಯನ್ನು ಎಲ್ಲರೆದುರಿಗೆ ಮಾಡುವನೆ? ಆಯ್ಕೆಗೆ ಬೇಕಾದುದಕ್ಕಿಂತ ಹೆಚ್ಚಿನ ವಿವರಗಳನ್ನು ಕೇಳುವನೆ? ಇವುಗಳಲ್ಲಿ ಒಂದಕ್ಕೆ ಸರಿಯಾದ ಉತ್ತರ ದೊರೆಯದಿದ್ದರೂ ಅರ್ಜಿಯನ್ನು ಹಾಕತಕ್ಕದ್ದಲ್ಲ. ಗೆದ್ದವನಿಂದ ಹಣ ಕೇಳುವ ಬಹುಮಾನವು ಬಹುಮಾನವೇ ಅಲ್ಲ. ಇನ್ನೊಬ್ಬರ ಹೆಸರು ಸಂಖ್ಯೆಗಳನ್ನು, ಅವರು ತಂದೆಯೇ ಆಗಿರಲಿ, ಕೇಳದೆ ಬರೆಯಬಾರದು. ಅದು ನಮ್ಮ ಸ್ವತ್ತಲ್ಲ. ಸಂಭಾವ್ಯತೆಯ ಪಾಠವನ್ನು ದಾಳ ನಾಣ್ಯಗಳಲ್ಲಿಯೇ ಮುಗಿಸಿಬಿಡುವ ನಾವು ಅಧ್ಯಾಪಕರೂ ಈ ತಪ್ಪಿನಲ್ಲಿ ಪಾಲುಗಾರರು. ವರ್ಷಕ್ಕೊಂದು ಅವಧಿಯನ್ನಾದರೂ ಇಂಥ ನಿಜವಾದ ಪ್ರಕಟಣೆಯೊಂದರ ಲೆಕ್ಕಕ್ಕೆ ಮೀಸಲಿಡಬೇಕೆಂಬುದು ನಮ್ಮ ಅಭಿಪ್ರಾಯ.

ಕೊಡುವುದರ ಅರ್ಥ ತಿಳಿಯದ ನಾಡಲ್ಲ ನಮ್ಮದು. ಕಲಬುರಗಿಯು ಮಹಾದಾಸೋಹಿ ಶರಣಬಸವೇಶ್ವರರ ಊರು. ದಾಸೋಹದಲ್ಲಿ ಬಂದವನ ಹೆಸರನ್ನು ಕೇಳುವುದಿಲ್ಲ. ಇನ್ನು ಮೂವರನ್ನು ಕರೆತಂದರೆ ಮಾತ್ರ ಎಲೆ ಹಾಕುತ್ತೇವೆ ಎನ್ನುವುದೂ ಇಲ್ಲ. ಅಷ್ಟು ಎತ್ತರದ ಮಾತು ವ್ಯಾಪಾರಕ್ಕೆ ಬೇಡವೆಂದರೆ ಕಮಲಾಪುರದ ದಾರಿಯನ್ನೇ ನೋಡಬಹುದು. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಆ ಹೆದ್ದಾರಿಯ ಬದಿಯಲ್ಲಿ, ಭೌಗೋಳಿಕ ಸೂಚಕದ ಮನ್ನಣೆ ಪಡೆದ ಅಲ್ಲಿನ ಕೆಂಪು ಬಾಳೆಯ ಹಣ್ಣನ್ನು ಮಾರುತ್ತಾರೆ. ಮೊನ್ನೆ ಅಲ್ಲಿ ಇಳಿದು ಒಂದು ಡಜನ್ ಕೊಂಡಾಗ, ಮಾರುವ ತಾಯಿ ಕೇಳದೆಯೇ ಇನ್ನೊಂದು ಹಣ್ಣನ್ನು ಚೀಲಕ್ಕೆ ಹಾಕಿದಳು. ಇದು ಕೊಸರು. ನಮ್ಮ ಹಿಂದೆ ನಿಂತಿದ್ದವನಿಗೂ ಅದು ದೊರೆಯಿತು, ಅವನ ಹಿಂದಿನವನಿಗೂ ದೊರೆಯಿತು. ಅದರ ಸಂಭಾವ್ಯತೆ ಒಂದು. ಅದಕ್ಕಾಗಿ ಯಾರೂ ತಂದೆಯ ದೂರವಾಣಿ ಸಂಖ್ಯೆಯನ್ನು ಬರೆದುಕೊಡಬೇಕಾಗಿರಲಿಲ್ಲ.

ನಮ್ಮ ಜೊತೆಗೆ ಅದೇ ಬಸ್ಸಿನಿಂದ ಆ ಹುಡುಗನೂ ಇಳಿದಿದ್ದನು. ಚೀಲದಿಂದ ಕೊಸರಿನ ಹಣ್ಣನ್ನು ತೆಗೆದು ಅವನ ಕೈಗಿತ್ತೆವು. ‘ಇದರ ನಿರೀಕ್ಷಿತ ಮೌಲ್ಯ ಎಷ್ಟಪ್ಪ?’ ಎಂದು ಕೇಳಿದೆವು. ಸಿಪ್ಪೆ ಸುಲಿಯುತ್ತ, ‘ಪೂರಾ ಒಂದು ಹಣ್ಣರೀ ಸರ’ ಎಂದನು. ಲೆಕ್ಕ ಸರಿಯಾಗಿತ್ತು.